ಹಾವು ಕಚ್ಚಿದಾಗ ಆಸ್ಪತ್ರೆಯ ದಾರಿಯಲ್ಲಿ ಕೊಡಬಹುದಾದ ನಾಟಿ ಮದ್ದು ಇದೆಯೇ?

ತೋಟದಮನೆ
ಒಂದು ಜಗಳ ತೀರಿಸಿಕೊಡಿ. ಮನೆಯೊಳಗಿನದು.

ಕಳೆದ ತಿಂಗಳು ನಮ್ಮ ಅಡಿಕೆ ತೋಟದಲ್ಲಿ ಕೆಲಸ ಮಾಡುವವರೊಬ್ಬರಿಗೆ ಹಾವು ಕಚ್ಚಿತು. ಸಂಜೆ ಆರರ ಹೊತ್ತು, ಬದುವಿನ ಹುಲ್ಲು ಕೊಯ್ಯುತ್ತಿದ್ದರು. ಬಲಗಾಲಿನ ಹಿಮ್ಮಡಿಯ ಮೇಲೆ ಎರಡು ಹಲ್ಲು. ಹಾವನ್ನು ಅವರೇ ನೋಡಿದ್ದಾರೆ, ಕೊಳಕುಮಂಡಲ. ಕುಕ್ಕರಿನ ಹಾಗೆ ಬುಸುಗುಡುತ್ತಿತ್ತಂತೆ.

ನಮ್ಮ ಊರಿನಿಂದ ತಾಲ್ಲೂಕು ಆಸ್ಪತ್ರೆಗೆ 38 ಕಿಲೋಮೀಟರ್. ನಾಟಿ ವೈದ್ಯರ ಮನೆಗೆ ನಾಲ್ಕು. ಮಾವನವರು ಜೀಪನ್ನು ನಾಲ್ಕು ಕಿಲೋಮೀಟರಿನ ಕಡೆಗೆ ತಿರುಗಿಸಿದರು. ಅಲ್ಲಿ ಈಶ್ವರಿ ಬೇರನ್ನು ನಿಂಬೆರಸದಲ್ಲಿ ತೇದು ಕುಡಿಸಿದರು, ಉಳಿದದ್ದನ್ನು ಗಾಯಕ್ಕೆ ಹಚ್ಚಿದರು. ಎರಡು ಕಾಳುಮೆಣಸು ಅಗಿಯಲು ಕೊಟ್ಟು ‘ಖಾರ ಗೊತ್ತಾಗುತ್ತದೆಯೇ’ ಎಂದು ಕೇಳಿದರು. ಗೊತ್ತಾಗುತ್ತದೆ ಎಂದದ್ದಕ್ಕೆ ‘ಹಾಗಾದರೆ ವಿಷ ಏರಿಲ್ಲ’ ಎಂದರು. ಒಂದೂವರೆ ಗಂಟೆ ಕಳೆಯುವಷ್ಟರಲ್ಲಿ ವಸಡಿನಿಂದ ರಕ್ತ ಜಿನುಗತೊಡಗಿತು. ಆಗ ಹೊರಟೆವು ಆಸ್ಪತ್ರೆಗೆ. ಹನ್ನೊಂದು ದಿನ, ನಾಲ್ಕು ಸಲ ಡಯಾಲಿಸಿಸ್. ಮನುಷ್ಯ ಉಳಿದುಕೊಂಡರು.

ಈಗ ಮಾವನವರ ವಾದ: ‘ಬೇರು ಕುಡಿಸಿದ್ದಕ್ಕೇ ಆಸ್ಪತ್ರೆ ಮುಟ್ಟುವ ತನಕ ಜೀವ ಹಿಡಿದುಕೊಂಡಿತ್ತು.’ ನನ್ನ ಹೆಂಡತಿಯ ವಾದ: ‘ಬೇರಿಗೆ ಕಳೆದ ಹೊತ್ತೇ ಕಿಡ್ನಿಗೆ ಮುಳುವಾಯಿತು.’ ನಾನು ಅಡ್ಡಗೋಡೆಯ ಮೇಲಿನ ದೀಪ. ಹೋಗಲಿ, ನಾಟಿ ವೈದ್ಯರ ಮನೆಗೆ ಹೋಗುವುದು ಬೇಡವೆಂದೇ ಇಟ್ಟುಕೊಳ್ಳಿ. ಹಿತ್ತಲಲ್ಲೇ ಇರುವ ಬೇರು ಸೊಪ್ಪು ಯಾವುದಾದರೂ ದಾರಿಯಲ್ಲಿ ಕೊಟ್ಟರೆ ಲಾಭವಿದೆಯೇ? ‘ಮೂಢನಂಬಿಕೆ’ ಎಂದು ಒಂದೇ ಪದದಲ್ಲಿ ಮುಗಿಸಬೇಡಿ. ಅದನ್ನು ಹೇಳಿದರೆ ಮಾವ ಎದ್ದು ಹೋಗುತ್ತಾರೆ. ಕಾರಣ ಬೇಕು.

ಹೊಳೆದಂಡೆ
ಇಲ್ಲ.

ತೋಟದಮನೆ
@ಹೊಳೆದಂಡೆ ಧನ್ಯವಾದ. ಮಾವನವರಿಗೆ ಓದಿ ಹೇಳಿದೆ. ಎದ್ದು ಹೋದರು.

ಪ್ರಾಥಮಿಕ ಕೇಂದ್ರದ ಅಕ್ಕ
ಹತ್ತೊಂಬತ್ತು ವರ್ಷದಿಂದ ಶುಶ್ರೂಷಕಿಯಾಗಿದ್ದೇನೆ. ಅದರಲ್ಲಿ ಹದಿಮೂರು ವರ್ಷ ಮಲೆನಾಡಿನಲ್ಲೇ. ನಿಮ್ಮ ಕಥೆಯಲ್ಲಿ ನನಗೆ ಬೇರಿಗಿಂತ ಕಾಳುಮೆಣಸೇ ಸಿಟ್ಟು ತರಿಸಿತು.

ಕೊಳಕುಮಂಡಲದ ವಿಷ ಕೆಲಸ ಮಾಡುವುದು ರಕ್ತದ ಮೇಲೆ, ನಾಲಗೆಯ ಮೇಲಲ್ಲ. ರಕ್ತ ಹೆಪ್ಪುಗಟ್ಟುವ ಶಕ್ತಿ ಪೂರ್ತಿ ಹೋಗಿರುವ ಮನುಷ್ಯನಿಗೂ ಮೆಣಸು ಖಾರವಾಗಿಯೇ ಇರುತ್ತದೆ. ಬೇವಿನ ಸೊಪ್ಪು ಕಹಿಯಾಗಿಯೇ ಇರುತ್ತದೆ. ನಾವು ಮಾಡುವ ಪರೀಕ್ಷೆ ಇದಕ್ಕಿಂತ ಸುಲಭದ್ದು. ಹೊಸದಾದ, ಒಣಗಿದ ಗಾಜಿನ ಕೊಳವೆಯಲ್ಲಿ ಎರಡು ಮಿಲಿಲೀಟರ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ನಿಲ್ಲಿಸುತ್ತೇವೆ. ಆಮೇಲೆ ಓರೆ ಮಾಡಿ ನೋಡುತ್ತೇವೆ. ಆರೋಗ್ಯವಂತರ ರಕ್ತ ಮೊಸರಿನ ಹಾಗೆ ಕೂತಿರುತ್ತದೆ. ಮಂಡಲ ಕಚ್ಚಿದವರದು ನೀರಿನ ಹಾಗೆ ಹರಿದು ಬರುತ್ತದೆ. ಕೊಳವೆ ಪ್ಲಾಸ್ಟಿಕ್ಕಿನದಾಗಿರಬಾರದು, ಸೋಪು ಹಾಕಿ ತೊಳೆದದ್ದೂ ಆಗಬಾರದು. ಹಾಗಾದರೆ ಪರೀಕ್ಷೆಯೇ ತಪ್ಪು ಹೇಳುತ್ತದೆ. ಆ 20 ನಿಮಿಷ ರೋಗಿಯ ಮನೆಯವರ ಮುಖ ನೋಡುವುದು ಕಷ್ಟ. ಕೊಳವೆಯಲ್ಲಿರುವುದು ಅವರದೇ ಜೀವವೆಂಬಂತೆ ನೋಡುತ್ತಿರುತ್ತಾರೆ.

ಇನ್ನೊಂದು ಮಾತು. ದಾರಿಯಲ್ಲಿ ಬಾಯಿಗೆ ಏನನ್ನೂ ಹಾಕಬೇಡಿ. ನಾಗರಹಾವು ಅಥವಾ ಕಟ್ಟುಹಾವು ಕಚ್ಚಿದ್ದರೆ ಗಂಟಲಿನ ಸ್ನಾಯುಗಳು ಸೋಲುತ್ತಾ ಬರುತ್ತವೆ. ನೀವು ಕುಡಿಸಿದ ಕಷಾಯ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗುತ್ತದೆ. ವಿಷದಿಂದ ಸಾಯದವರು ಕಷಾಯದಿಂದ ಸಾಯುವುದು ಬೇಡ.

ಗಾಳಿಗುಡ್ಡ
ಅಕ್ಕ, ನಿಮ್ಮ ಅನುಭವಕ್ಕೆ ಕೈಮುಗಿಯುತ್ತೇನೆ. ಆದರೆ ಒಂದು ಮಾತು ನಾನೂ ಹೇಳಲೇಬೇಕು. ನಮ್ಮ ಅಜ್ಜಂದಿರ ಕಾಲದಲ್ಲಿ ಆಸ್ಪತ್ರೆ ಎಲ್ಲಿತ್ತು? ಆಗ ಹಾವು ಕಚ್ಚಿದವರೆಲ್ಲ ಸತ್ತರೇ? ನಮ್ಮ ಊರಿನಲ್ಲೇ ನಾಟಿ ಮದ್ದಿನಿಂದ ಉಳಿದವರು ಐದಾರು ಜನ ಇದ್ದಾರೆ, ಹೆಸರು ಹಿಡಿದು ಹೇಳಬಲ್ಲೆ. ಇಂದಿನ ಔಷಧಗಳಲ್ಲಿ ಎಷ್ಟೋ ಗಿಡದಿಂದಲೇ ಬಂದವು. ಅದನ್ನು ಕಂಪನಿಯವರು ಸೀಸೆಗೆ ತುಂಬಿದರೆ ವಿಜ್ಞಾನ, ನಮ್ಮ ಪಂಡಿತರು ಕಲ್ಲಿನ ಮೇಲೆ ತೇದರೆ ಮೂಢನಂಬಿಕೆ!

ಇನ್ನೊಂದು: ನಮ್ಮ ಹತ್ತಿರದ ಒಂದು ಆಸ್ಪತ್ರೆಗೆ (ಹೆಸರು ಬೇಡ) ನನ್ನ ದೊಡ್ಡಪ್ಪನ ಮಗನನ್ನು ಕರೆದುಕೊಂಡು ಹೋದಾಗ ‘ಇಲ್ಲಿ ಇಂಜೆಕ್ಷನ್ ಇಲ್ಲ, ಜಿಲ್ಲಾ ಕೇಂದ್ರಕ್ಕೆ ಹೋಗಿ’ ಎಂದು ಚೀಟಿ ಬರೆದು ಕೈತೊಳೆದುಕೊಂಡರು. ಪಂಡಿತರು ಎಂದಾದರೂ ಹಾಗೆ ಬಾಗಿಲಿನಿಂದ ವಾಪಸು ಕಳಿಸಿದ್ದಾರೆಯೇ?

ಪಂಡಿತರ ಮೊಮ್ಮಗ
@ಗಾಳಿಗುಡ್ಡ ಕಳಿಸಿದ್ದಾರೆ. ನನ್ನ ಅಜ್ಜನೇ ಕಳಿಸಿದ್ದಾರೆ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ಅಜ್ಜ ಹಾವಿನ ಮದ್ದು ಕೊಡುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ, ಎಲೆ ಅಡಿಕೆ ಮತ್ತು ಒಂದು ತೆಂಗಿನಕಾಯಿ, ಅಷ್ಟೇ. ಗಿಡದ ಹೆಸರನ್ನು ಹೇಳಿದರೆ ಮದ್ದಿನ ಶಕ್ತಿ ಹೋಗುತ್ತದೆ ಎಂದು ನಂಬಿದ್ದರು. ಹಾಗಾಗಿ ಬೆಳಕು ಹರಿಯುವ ಮೊದಲೇ, ಯಾರೊಂದಿಗೂ ಮಾತನಾಡದೆ ಹೋಗಿ ಬೇರು ಕಿತ್ತು ತರುತ್ತಿದ್ದರು. ಅವರ ಬೆತ್ತದ ಪೆಟ್ಟಿಗೆಯಲ್ಲಿ ನಾನು ಆಮೇಲೆ ಗುರುತಿಸಿದ್ದು: ಈಶ್ವರಿ ಬೇರು, ಸರ್ಪಗಂಧ, ಸೊಗದೆ ಬೇರು, ಒಣಗಿದ ನೆಲಬೇವು. ಜೊತೆಗೆ ಒಂದು ಕರಿಯ ‘ಹಾವಿನ ಕಲ್ಲು’. ಅದು ಕಲ್ಲಲ್ಲ, ಸುಟ್ಟ ಮೂಳೆ. ನಾಲಗೆಗೆ ಅಂಟುತ್ತದೆ, ಒದ್ದೆ ಗಾಯಕ್ಕೂ ಅಂಟುತ್ತದೆ. ಅಂಟಿದ್ದನ್ನು ನೋಡಿ ‘ವಿಷ ಹೀರುತ್ತಿದೆ’ ಎನ್ನುತ್ತಿದ್ದರು ಜನ.

ಅಜ್ಜ ಶಾಲೆಯ ಲೆಕ್ಕದ ಪುಸ್ತಕವೊಂದರಲ್ಲಿ ಬಂದವರನ್ನೆಲ್ಲ ಬರೆದಿಟ್ಟಿದ್ದರು. ಊರು, ದಿನ, ಎಲ್ಲಿ ಕಚ್ಚಿತು, ಯಾವ ಹಾವು. ಅವರು ತೀರಿಕೊಂಡ ಮೇಲೆ ಒಂದು ಮಳೆಗಾಲ ಕೂತು ಓದಿದೆ. ಅರ್ಧಕ್ಕಿಂತ ಹೆಚ್ಚು ಸಾಲುಗಳಲ್ಲಿ ಹಾವಿನ ಜಾಗದಲ್ಲಿ ‘ಕಂಡಿಲ್ಲ’. ಉಳಿದವುಗಳಲ್ಲಿ ‘ಒಳ್ಳೆ’, ‘ಕೇರೆ’, ‘ಹಸುರು’ ಎಂದು ಧಾರಾಳವಾಗಿ ಇದೆ. ಅಂದರೆ ವಿಷವೇ ಇಲ್ಲದವು. ಆ ಸಾಲುಗಳ ಮುಂದೆಲ್ಲ ‘ಗುಣ’ ಎಂದು ಬರೆದಿದ್ದಾರೆ. ‘ಮಂಡಲ’ ಎಂದಿರುವ ಸಾಲುಗಳು ಮೊದಲ ಪುಟಗಳಲ್ಲಿ ಕೆಲವಿವೆ, ಅವುಗಳ ಮುಂದೆ ಬರೀ ಒಂದು ಅಡ್ಡಗೆರೆ. ನಡುವಿನ ಪುಟಗಳಿಂದಾಚೆ, ನಮ್ಮ ಊರಿಗೆ ಬಸ್ಸು ಬಂದ ಮೇಲೆ, ‘ಮಂಡಲ’ ಎಂದಿರುವ ಕಡೆಯೆಲ್ಲ ಒಂದೇ ಮಾತು: ‘ಪೇಟೆಗೆ ಕಳಿಸಿದೆ.’

ಅಜ್ಜ ಇದನ್ನು ಬಾಯಿಬಿಟ್ಟು ಎಂದೂ ಹೇಳಲಿಲ್ಲ. ಅವರ ಮದ್ದಿನ ಖ್ಯಾತಿಯನ್ನು ಉಳಿಸಿದ್ದು ಒಳ್ಳೆಹಾವುಗಳು.

ಹೊಳೆದಂಡೆ
ನನ್ನ ‘ಇಲ್ಲ’ ಎಂಬುದನ್ನು ಇಷ್ಟು ಚೆನ್ನಾಗಿ ವಿಸ್ತರಿಸಿದ್ದಕ್ಕೆ ಧನ್ಯವಾದ.

ಗಾಳಿಗುಡ್ಡ
@ಪಂಡಿತರ ಮೊಮ್ಮಗ ಒಬ್ಬರ ಪುಸ್ತಕದಿಂದ ಇಡೀ ಪರಂಪರೆಯನ್ನು ಅಳೆಯಬೇಡಿ. ಸರ್ಪಗಂಧ ಎಂದು ಹೆಸರೇ ಇರುವಾಗ ಹಾವಿಗೂ ಅದಕ್ಕೂ ಸಂಬಂಧವೇ ಇಲ್ಲವೆನ್ನುತ್ತೀರಾ?

ಪ್ರನಾಳಪ್ರಿಯ
ಹೆಸರಿನ ಮಾತಿಗೆ ಬಂದರೆ ‘ನಾಗಸಂಪಿಗೆ’ಯೂ ಇದೆ.

ತಮಾಷೆ ಬಿಡಿ. ಸರ್ಪಗಂಧ ನಿಜಕ್ಕೂ ದೊಡ್ಡ ಔಷಧ ಸಸ್ಯ, ಅದರಲ್ಲಿ ಅನುಮಾನವಿಲ್ಲ. 1931ರಲ್ಲಿ ಸೇನ್ ಮತ್ತು ಬೋಸ್ ಎಂಬ ಭಾರತೀಯ ವೈದ್ಯರು ಅದರ ಬೇರು ರಕ್ತದೊತ್ತಡ ಇಳಿಸುತ್ತದೆ ಎಂದು ಬರೆದರು. 1952ರಲ್ಲಿ ಅದರಿಂದ ರಿಸರ್ಪೀನ್ ಬೇರ್ಪಡಿಸಿದರು. ರಕ್ತದೊತ್ತಡದ ಚಿಕಿತ್ಸೆಯ ಚರಿತ್ರೆಯೇ ಬದಲಾಯಿತು. ಈಗ ಯೋಚಿಸಿ: ಮಂಡಲ ಕಚ್ಚಿ, ರಕ್ತಸ್ರಾವದಿಂದ ಒತ್ತಡ ತಾನೇ ಕುಸಿಯುತ್ತಿರುವ ಮನುಷ್ಯನಿಗೆ ಒತ್ತಡ ಇಳಿಸುವ ಬೇರನ್ನು ತೇದು ಕುಡಿಸುವುದು ಯಾವ ಜಾಣತನ?

ನಾನು ಜೀವರಸಾಯನಶಾಸ್ತ್ರ ಓದಿದವನು, ಹಾವಿನ ವಿಷದ ಕಿಣ್ವಗಳ ಮೇಲೆ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ‘ಈ ಗಿಡ ವಿಷವನ್ನು ತಟಸ್ಥಗೊಳಿಸುತ್ತದೆ’ ಎಂಬ ಪ್ರಬಂಧಗಳು ನೂರಾರು ಇವೆ. ಸುಳ್ಳಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲೇ ಹುಣಸೆ ಬೀಜದ ಸಾರ, ಅಶ್ವಗಂಧದಿಂದ ತೆಗೆದ ಒಂದು ಗ್ಲೈಕೋಪ್ರೋಟೀನ್ ಇವುಗಳ ಮೇಲೆ ಒಳ್ಳೆಯ ಕೆಲಸ ನಡೆದಿದೆ. ಕೋಲ್ಕತ್ತಾದಲ್ಲಿ ಸೊಗದೆ ಬೇರು, ಲಕ್ಕಿ, ನೆಲ್ಲಿಗಳ ಮೇಲೆ ನಡೆದಿದೆ. ಆದರೆ ಆ ಪ್ರಯೋಗಗಳನ್ನು ಹೇಗೆ ಮಾಡುತ್ತಾರೆ ಎಂಬುದನ್ನು ಸುದ್ದಿ ಬರೆಯುವವರು ಬಿಟ್ಟುಬಿಡುತ್ತಾರೆ. ಬಹಳಷ್ಟು ಪ್ರಯೋಗಗಳಲ್ಲಿ ವಿಷವನ್ನೂ ಸಾರವನ್ನೂ ಮೊದಲೇ ಒಂದು ಪ್ರನಾಳದಲ್ಲಿ ಬೆರೆಸಿ, ಅರ್ಧ ಗಂಟೆ ಬೆಚ್ಚಗೆ ಇಟ್ಟು, ಆಮೇಲೆ ಇಲಿಗೆ ಚುಚ್ಚುತ್ತಾರೆ. ಗಿಡದಲ್ಲಿರುವ ಒಗರು, ಅಂದರೆ ಟ್ಯಾನಿನ್, ಯಾವ ಪ್ರೋಟೀನು ಸಿಕ್ಕರೂ ಅದನ್ನು ಹಿಡಿದು ಗಟ್ಟಿ ಮಾಡುತ್ತದೆ. ಚರ್ಮ ಹದ ಮಾಡುವುದೂ ಅದೇ ಗುಣದಿಂದ. ವಿಷವೂ ಪ್ರೋಟೀನೇ. ಪ್ರನಾಳದಲ್ಲಿ ಸೋಲುತ್ತದೆ.

ಹೊರಗೆ ಹಾಗಲ್ಲ. ಹಾವು ಮೊದಲು ಕಚ್ಚುತ್ತದೆ. ಬೇರಿನ ರಸ ಅರ್ಧ ಗಂಟೆಯ ನಂತರ ಹೊಟ್ಟೆಗೆ ಹೋಗುತ್ತದೆ, ಅಲ್ಲಿ ಆಮ್ಲ, ಆಮೇಲೆ ಯಕೃತ್ತು. ರಕ್ತಕ್ಕೆ ಎಷ್ಟು ಮುಟ್ಟುತ್ತದೆಯೋ ದೇವರೇ ಬಲ್ಲ. ‘ಹಾವಿನ ಬಾಯಿಗೇ ಕಷಾಯ ಹಾಕಿ ಆಮೇಲೆ ಕಚ್ಚಿಸಿಕೊಳ್ಳಿ’ ಎಂದು ನಮ್ಮ ಗುರುಗಳು ನಗುತ್ತಿದ್ದರು.

ತೋಟದಮನೆ
ಟ್ಯಾನಿನ್ ವಿಚಾರ ಮಾವನವರಿಗೆ ತಟ್ಟಿತು. ಚೊಗರು (ಅಡಿಕೆ ಬೇಯಿಸಿದ ಒಗರು ನೀರು) ಎಂದರೆ ಅಡಿಕೆ ಬೇಯಿಸುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈಶ್ವರಿ ಬೇರಿನ ಬಗ್ಗೆ ನೀವು ಏನೂ ಹೇಳಲಿಲ್ಲವಲ್ಲ?

ಪ್ರನಾಳಪ್ರಿಯ
ಅದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಏಕೆಂದರೆ ಅಲ್ಲಿ ನಿಮ್ಮ ಮಾವನವರೂ ಗೆಲ್ಲುತ್ತಾರೆ, ನಿಮ್ಮ ಪತ್ನಿಯೂ ಗೆಲ್ಲುತ್ತಾರೆ.

ಈಶ್ವರಿಯ ಕುಲದ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲ ಎಂಬ ಪದಾರ್ಥ ಇದೆ. ಅದು ಕೊಳಕುಮಂಡಲದ ವಿಷದ ಫಾಸ್ಫೋಲೈಪೇಸ್ ಎಂಬ ಕಿಣ್ವವನ್ನು ನಿಜಕ್ಕೂ ಅಡ್ಡಗಟ್ಟುತ್ತದೆ. ಇದನ್ನೂ ಮೈಸೂರಿನವರೇ ತೋರಿಸಿದ್ದು, 1987ರಲ್ಲಿ. ಆದ್ದರಿಂದ ಪೂರ್ವಿಕರು ಕಣ್ಣುಮುಚ್ಚಿ ಯಾವುದೋ ಬೇರು ಕಿತ್ತರು ಎನ್ನಲಾರೆ.

ಆದರೆ ಅದೇ ಆಮ್ಲ ಮೂತ್ರಪಿಂಡವನ್ನು ಹಾಳು ಮಾಡುತ್ತದೆ, ಕ್ಯಾನ್ಸರನ್ನೂ ತರುತ್ತದೆ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೆಳ್ಳಗಾಗಲು ಗಿಡಮೂಲಿಕೆ ಮಾತ್ರೆ ನುಂಗಿದ ಹೆಂಗಸರ ಕಿಡ್ನಿಗಳು ಸಾಲುಸಾಲಾಗಿ ಕೆಟ್ಟವು. ಹುಡುಕಿದಾಗ ಸಿಕ್ಕಿದ್ದು ಈಶ್ವರಿಯ ಸೋದರಸಂಬಂಧಿ ಗಿಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ಮೊದಲ ಗುಂಪಿನಲ್ಲಿ ಇಟ್ಟಿದೆ.

ಕೊಳಕುಮಂಡಲ ಹೊಡೆಯುವುದು ಯಾವುದಕ್ಕೆ? ಕಿಡ್ನಿಗೆ. ನಿಮ್ಮ ಕೆಲಸದವರಿಗೆ ಡಯಾಲಿಸಿಸ್ ಬೇಕಾದದ್ದು ಬೇರಿನಿಂದ ಎಂದು ನಾನು ಹೇಳುತ್ತಿಲ್ಲ. ಒಂದು ಸಲ ಕುಡಿದದ್ದಕ್ಕೆ ಹಾಗಾಗುವ ಸಂಭವ ಕಡಿಮೆ, ಹಾವಿನ ವಿಷವೇ ಸಾಕು. ಆದರೆ ಹೊತ್ತಿಕೊಂಡ ಮನೆಗೆ ಇನ್ನೊಂದು ಕಡ್ಡಿ ಗೀರುವುದು ಏಕೆ?

ಚಿಟ್ಟೆ ಹಿಂದೆ ಹೊರಟವಳು
ವಿಷಯಾಂತರಕ್ಕೆ ಕ್ಷಮೆ ಇರಲಿ. ಈಶ್ವರಿ ಬಳ್ಳಿಯನ್ನು ದಯವಿಟ್ಟು ಬೇರುಸಹಿತ ಕೀಳಬೇಡಿ. ನಮ್ಮ ರಾಜ್ಯದ ಚಿಟ್ಟೆ, ಆ ಕಪ್ಪು ಹಳದಿಯ ದೊಡ್ಡ ಸದರ್ನ್ ಬರ್ಡ್‌ವಿಂಗ್, ಮೊಟ್ಟೆ ಇಡುವುದು ಈ ಕುಲದ ಬಳ್ಳಿಗಳ ಮೇಲೆಯೇ. ಮರಿಹುಳ ಆ ವಿಷದ ಎಲೆಯನ್ನು ತಿಂದು ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಹಕ್ಕಿಗಳು ಮುಟ್ಟುವುದಿಲ್ಲ. ನಮ್ಮ ಹಿತ್ತಲಿನ ಒಂದೇ ಬಳ್ಳಿಯಲ್ಲಿ ಹೋದ ವರ್ಷ ಒಂಬತ್ತು ಹುಳ ಎಣಿಸಿದ್ದೇನೆ. ಮೈಮೇಲೆ ಕೆಂಪು ಮುಳ್ಳುಗಳಂಥವು, ನಡುವಿನಲ್ಲಿ ಒಂದು ಬಿಳಿ ಪಟ್ಟಿ, ಯಾರೋ ಸುಣ್ಣದಲ್ಲಿ ಬೆರಳದ್ದಿ ಎಳೆದ ಹಾಗೆ.

ಬಯಲುಸೀಮೆ
ಈಶ್ವರಿ ಬಳ್ಳಿ ಬೆಳೆಸಿದರೆ ಮನೆಯ ಹತ್ತಿರ ಹಾವು ಸುಳಿಯುವುದಿಲ್ಲ ಎನ್ನುತ್ತಾರಲ್ಲ?

ಚಿಟ್ಟೆ ಹಿಂದೆ ಹೊರಟವಳು
@ಬಯಲುಸೀಮೆ ಅದೇ ಬಳ್ಳಿಯ ಬುಡದಲ್ಲಿ ಕೇರೆಹಾವು ಪೊರೆ ಕಳಚಿ ಹೋಗಿತ್ತು. ಎಲೆಗಳ ನಡುವೆ ನೀಟಾಗಿ ಸಿಕ್ಕಿಸಿ.

ಪ್ರಾಥಮಿಕ ಕೇಂದ್ರದ ಅಕ್ಕ
ಹಾವು ಬರುವುದು ಇಲಿಗೆ. ಇಲಿ ಬರುವುದು ಚೆಲ್ಲಿದ ಭತ್ತಕ್ಕೆ, ಗೋಡೆಗೆ ಒತ್ತಿ ಪೇರಿಸಿದ ಸೌದೆಗೆ. ಬಳ್ಳಿ ನೆಡುವ ಮೊದಲು ಸೌದೆಯ ರಾಶಿಯನ್ನು ಗೋಡೆಯಿಂದ ಆಚೆ ಸರಿಸಿ.

ಹಳಗನ್ನಡದ ಹುಚ್ಚು
ಇಷ್ಟೆಲ್ಲ ಮಾತನಾಡಿದಿರಿ, ನಮ್ಮ ಮಂಗರಾಜನ ಹೆಸರನ್ನು ಒಬ್ಬರೂ ಎತ್ತಲಿಲ್ಲ! 14ನೇ ಶತಮಾನದಲ್ಲಿ, ವಿಷವೈದ್ಯಕ್ಕೇ ಮೀಸಲಾದ ‘ಖಗೇಂದ್ರಮಣಿದರ್ಪಣ’ವನ್ನು ಕನ್ನಡದಲ್ಲಿ ಬರೆದವನು. ಖಗೇಂದ್ರ ಎಂದರೆ ಗರುಡ. ಅದಕ್ಕೂ ಎಷ್ಟೋ ಹಿಂದೆ ಸುಶ್ರುತ ಸಂಹಿತೆ ಹಾವುಗಳನ್ನು ದರ್ವೀಕರ, ಮಂಡಲಿ, ರಾಜಿಮಂತ ಎಂದು ವಿಂಗಡಿಸಿತ್ತು. ಸೌಟಿನಂಥ ಹೆಡೆಯವು, ಮಂಡಲವಿರುವವು, ಗೆರೆಯಿರುವವು. ನಾಗರ, ಕೊಳಕುಮಂಡಲ, ಕಟ್ಟುಹಾವು ಈ ಮೂರೂ ಅದರಲ್ಲಿ ಸರಿಯಾಗಿ ಕೂರುತ್ತವೆ. ಇಷ್ಟು ಕಣ್ಣಿದ್ದವರಿಗೆ ಮದ್ದು ಗೊತ್ತಿರಲಿಲ್ಲವೇ?

ಗಾಳಿಗುಡ್ಡ
ಸರಿಯಾಗಿ ಹೇಳಿದಿರಿ!

ಅಗದತಂತ್ರ
ನಾನು ಆಯುರ್ವೇದ ಓದಿದವಳು, ಈಗ ಅದನ್ನೇ ಪಾಠ ಮಾಡುತ್ತಿದ್ದೇನೆ. ಸಂತೋಷಪಡುವ ಮೊದಲು ಒಂದು ತಿದ್ದುಪಡಿ. ಶಾಸ್ತ್ರದಲ್ಲಿ ವಿಷಚಿಕಿತ್ಸೆ ಎಂದರೆ ಒಂದು ಬೇರು ತೇದು ಕುಡಿಸುವುದಲ್ಲ. ಚರಕ ಇಪ್ಪತ್ತನಾಲ್ಕು ಉಪಕ್ರಮಗಳನ್ನು ಹೇಳುತ್ತಾನೆ. ಕಟ್ಟುವುದು, ಕೊಯ್ಯುವುದು, ಹಿಂಡುವುದು, ಹೀರುವುದು, ಸುಡುವುದು ಹೀಗೆ. ಅದರಲ್ಲಿ ಎಷ್ಟನ್ನು ಇಂದು ಮಾಡಬಾರದು ಎಂಬುದೂ ನಮಗೆ ಗೊತ್ತು. ಕಟ್ಟಿದರೆ ಕಾಲು ಕೊಳೆಯುತ್ತದೆ. ರಕ್ತ ಹೆಪ್ಪುಗಟ್ಟದವನ ಗಾಯ ಕೊಯ್ದರೆ ರಕ್ತ ನಿಲ್ಲುವುದೇ ಇಲ್ಲ. ಅಸಾಧ್ಯ ಲಕ್ಷಣಗಳು ಕಂಡರೆ ಚಿಕಿತ್ಸೆಗೆ ಕೈಹಾಕಬೇಡ ಎಂದೂ ಅದೇ ಶಾಸ್ತ್ರ ಹೇಳಿದೆ. ಆ ಮಾತನ್ನು ಯಾರೂ ಉದ್ಧರಿಸುವುದಿಲ್ಲ, ಏಕೋ!

ಹಾವುಗಳನ್ನು ಗುರುತಿಸುವ ಕಣ್ಣು ಅವರಿಗೆ ಇತ್ತು, ನಿಜ. ಆದರೆ ರೋಗ ಗುರುತಿಸುವುದು ಒಂದು, ಗುಣಪಡಿಸುವುದು ಇನ್ನೊಂದು. ನನ್ನ ಮಗನಿಗೆ ಹಾವು ಕಚ್ಚಿದರೆ 108ಕ್ಕೆ ಕರೆ ಮಾಡುತ್ತೇನೆ.

ಹಳಗನ್ನಡದ ಹುಚ್ಚು
ಒಪ್ಪಿದೆ. ಆದರೂ ಮಂಗರಾಜನನ್ನು ಓದಿ. ಔಷಧಕ್ಕಲ್ಲ, ಭಾಷೆಗೆ.

ಮೆಲ್ಬರ್ನಿನಿಂದ
ಇಲ್ಲಿ ಆಸ್ಟ್ರೇಲಿಯಾದಲ್ಲಿ ಹಾವು ಕಚ್ಚಿದರೆ ಇಡೀ ಕಾಲಿಗೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಬೇಕು ಎಂದು ಶಾಲೆಯಲ್ಲೇ ಕಲಿಸುತ್ತಾರೆ. ಅಲ್ಲಿ ಏಕೆ ಮಾಡುವುದಿಲ್ಲ?

ಪ್ರಾಥಮಿಕ ಕೇಂದ್ರದ ಅಕ್ಕ
@ಮೆಲ್ಬರ್ನಿನಿಂದ ನಿಮ್ಮಲ್ಲಿ ಮಂಡಲದ ಹಾವುಗಳೇ ಇಲ್ಲ. ಇಲ್ಲಿ ಮಂಡಲದ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಯಿಸುತ್ತದೆ. ಬಿಗಿದು ಸುತ್ತಿದರೆ ಅಷ್ಟೂ ಅಲ್ಲೇ ನಿಂತು ಬೇಯುತ್ತದೆ. ಅದೂ ನಮ್ಮವರು ಬ್ಯಾಂಡೇಜ್ ಸುತ್ತುವುದಿಲ್ಲ. ಸೈಕಲ್ ಟ್ಯೂಬು, ಸೀರೆಯ ಅಂಚು, ಒಮ್ಮೆ ಕರು ಕಟ್ಟುವ ಹಗ್ಗ. ತೊಡೆಗೆ ಅದನ್ನು ಕಟ್ಟಿಕೊಂಡು ಎರಡು ಗಂಟೆ ಬಂದ ಒಬ್ಬರ ಕಾಲು ನೇರಳೆ ಹಣ್ಣಿನ ಬಣ್ಣವಾಗಿತ್ತು. ಕಚ್ಚಿದ್ದು ತೋಳಹಾವು, ವಿಷವೇ ಇಲ್ಲದ್ದು. ಹಾವು ಮಾಡದ ಹಾನಿಯನ್ನು ಹಗ್ಗ ಮಾಡಿತ್ತು.

ಮುರಿದ ಕಾಲಿಗೆ ಕಟ್ಟುವ ಹಾಗೆ ಎರಡು ಕೋಲು ಇಟ್ಟು ಸಡಿಲವಾಗಿ ಕಟ್ಟಿ, ಅಲುಗಾಡಿಸದೆ ಮಲಗಿಸಿಕೊಂಡು ಬನ್ನಿ. ಕಾಲುಂಗುರ, ಉಂಗುರ, ಬಳೆ ಬಿಚ್ಚಿ. ನಡೆಸಬೇಡಿ, ಓಡಿಸಬೇಡಿ. ಹಾವನ್ನು ಹೊಡೆದು ತರಬೇಡಿ. ದೂರದಿಂದ ಮೊಬೈಲಿನಲ್ಲಿ ಚಿತ್ರ ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೂ ನಡೆಯುತ್ತದೆ.

ಬಯಲುಸೀಮೆ
ನಮ್ಮ ಕಡೆ ಕಟ್ಟುಹಾವಿನ ಹೆದರಿಕೆಯೇ ಹೆಚ್ಚು. ರಾತ್ರಿ ನೆಲದಲ್ಲಿ ಮಲಗಿದ್ದವರಿಗೆ ಕಚ್ಚುತ್ತದೆ, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ನನ್ನ ಚಿಕ್ಕಪ್ಪ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೊಟ್ಟೆನೋವು ಎಂದರು. ಚಿಕ್ಕಮ್ಮ ಓಮದ ಕಷಾಯ ಕೊಟ್ಟರು. ಐದಕ್ಕೆ ‘ಕಣ್ಣು ಬಿಡಲು ಆಗುತ್ತಿಲ್ಲ’ ಎಂದರು. ನಿದ್ದೆ ಎಂದುಕೊಂಡೆವು. ಆರಕ್ಕೆ ಮಾತು ತೊದಲಿತು. ಹಾಸಿಗೆ ಕೊಡವಿದಾಗ ದಿಂಬಿನ ಕೆಳಗೆ ಇತ್ತು, ಕಪ್ಪಗೆ, ಬಿಳಿ ಕಟ್ಟುಗಳು. ಎರಡು ದಿನ ವೆಂಟಿಲೇಟರಿನಲ್ಲಿ ಇಟ್ಟು ಉಳಿಸಿದರು. ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರೂ ಸೊಳ್ಳೆಪರದೆ ಕಟ್ಟಿ, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗುತ್ತೇವೆ. ಬೇಸಿಗೆಯಲ್ಲೂ.

ಕರಾವಳಿಯವನು
ಕಟ್ಟುಹಾವು ಎಂದರೆ ನಮ್ಮ ಕಡಂಬಳವೇ ತಾನೇ?

ಬಯಲುಸೀಮೆ
ಹೌದು, ಅದೇ.

ಗಾಳಿಗುಡ್ಡ
ಸರಿ, ಬೇರು ಬೇಡ ಎಂದಿರಿ. ಆದರೆ ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಆಸ್ಪತ್ರೆಯಲ್ಲಿ ಮದ್ದೇ ಇಲ್ಲದಿದ್ದರೆ? ‘ಮುಂದೆ ಹೋಗಿ’ ಎಂದರೆ? ಜನ ಪಂಡಿತರ ಮನೆಗೆ ಹೋಗುವುದು ನಂಬಿಕೆಯಿಂದ ಮಾತ್ರವಲ್ಲ. ಅಲ್ಲಿ ಬಾಗಿಲು ತೆರೆದಿರುತ್ತದೆ.

ಪ್ರಾಥಮಿಕ ಕೇಂದ್ರದ ಅಕ್ಕ
ಇದು ನ್ಯಾಯವಾದ ಮಾತು, ತಲೆ ತಗ್ಗಿಸಿ ಒಪ್ಪುತ್ತೇನೆ. ಪ್ರತಿವಿಷ, ಅಂದರೆ ಕುದುರೆಯ ರಕ್ತದಿಂದ ತಯಾರಿಸುವ ಆ ಇಂಜೆಕ್ಷನ್, ಕೊಟ್ಟಾಗ ಕೆಲವರಿಗೆ ಮೈಯೆಲ್ಲ ದದ್ದು, ಉಸಿರುಗಟ್ಟುವಿಕೆ ಬರುತ್ತದೆ. ಕುದುರೆಯ ಪ್ರೋಟೀನಿಗೆ ನಮ್ಮ ದೇಹ ತಿರುಗಿಬೀಳುವುದು. ಪಕ್ಕದಲ್ಲಿ ಅಡ್ರಿನಲಿನ್ ಸಿದ್ಧವಾಗಿದ್ದರೆ ನಿಭಾಯಿಸಬಹುದು. ಆದರೆ ಅನುಭವವಿಲ್ಲದ ವೈದ್ಯರು ಹೆದರಿ ಕಳಿಸಿಬಿಡುತ್ತಾರೆ. ಪುಡಿಯ ರೂಪದ ಪ್ರತಿವಿಷಕ್ಕೆ ಫ್ರಿಜ್ಜೂ ಬೇಕಿಲ್ಲ. ಇಲ್ಲ ಎನ್ನುವುದಕ್ಕೆ ನೆಪವಿಲ್ಲ.

2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತ ಅಧಿಸೂಚಿತ ರೋಗ. ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡಲೇಬೇಕು. ಎಲ್ಲಿ ಎಷ್ಟು ಸೀಸೆ ಬೇಕೆಂದು ಈಗಲಾದರೂ ಲೆಕ್ಕ ಸಿಗುತ್ತದೆ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದೆ ಎಂಬುದನ್ನು ಹಾವು ಕಚ್ಚುವ ಮೊದಲೇ ಫೋನು ಮಾಡಿ ಕೇಳಿಟ್ಟುಕೊಳ್ಳಿ. ನಾನಂತೂ ಕೇಳಿದವರಿಗೆಲ್ಲ ಹೇಳುತ್ತೇನೆ.

ಪ್ರನಾಳಪ್ರಿಯ
@ಗಾಳಿಗುಡ್ಡ ಪ್ರತಿವಿಷದ ಲೆಕ್ಕ ಗೊತ್ತಾದರೆ ಬೇರಿನ ಲೆಕ್ಕವೂ ಗೊತ್ತಾಗುತ್ತದೆ. ಒಂದು ಸೀಸೆ ಕರಗಿಸಿದರೆ ಹತ್ತು ಮಿಲಿಲೀಟರ್. ಒಂದು ಮಿಲಿಲೀಟರ್ ಕೊಳಕುಮಂಡಲದ 0.6 ಮಿಲಿಗ್ರಾಂ ವಿಷವನ್ನು ಕಟ್ಟಿಹಾಕುತ್ತದೆ. ಅಂದರೆ ಸೀಸೆಗೆ ಆರು ಮಿಲಿಗ್ರಾಂ. ಹಾವು ಒಂದು ಕಡಿತದಲ್ಲಿ ಅರವತ್ತರ ಆಸುಪಾಸು ಬಿಡಬಹುದು. ಅದಕ್ಕೇ ಮೊದಲ ಕಂತಿಗೇ ಹತ್ತು ಸೀಸೆ. ಮಗುವಿಗೂ ಅಷ್ಟೇ, ಏಕೆಂದರೆ ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲ. ಈ ಪ್ರಮಾಣಕ್ಕೆ ಈ ವಿಷ ಎಂದು ಯಾವ ಬೇರಿಗೂ ಯಾರೂ ಹೀಗೆ ಅಳೆದು ಹೇಳಿಲ್ಲ.

ಪ್ರತಿವಿಷವೂ ಪರಿಪೂರ್ಣವಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅದನ್ನು ತಯಾರಿಸಲು ಬೇಕಾದ ವಿಷದ ಬಹುಪಾಲು ಬರುವುದು ಚೆನ್ನೈ ಹತ್ತಿರದ ವಡನೆಮ್ಮೇಲಿಯಲ್ಲಿ 1978ರಲ್ಲಿ ಶುರುವಾದ, ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. ಬೇರೆ ರಾಜ್ಯದ ಅದೇ ಜಾತಿಯ ಹಾವಿನ ವಿಷ ಬೇರೆ ಇರುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತೋರಿಸಿದ್ದಾರೆ. ನಾಲ್ಕು ಹಾವುಗಳಿಗೆ ಮಾತ್ರ ಈ ಮದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಿಮ್ಮ ಅಡಿಕೆ ತೋಟದ ತರಗೆಲೆಯಲ್ಲಿ ಮೂಗು ಮೇಲೆತ್ತಿ ಮಲಗಿರುವ ಪುಟ್ಟ ಗುಳಿಮಂಡಲಕ್ಕೆ ಇದು ನಾಟುವುದಿಲ್ಲ. ಆಗುಂಬೆಯ ಕಾಳಿಂಗನಿಗೂ ಇಲ್ಲಿ ಪ್ರತಿವಿಷ ತಯಾರಾಗುವುದಿಲ್ಲ, ಥಾಯ್ಲೆಂಡಿನಲ್ಲಿ ಮಾಡುತ್ತಾರೆ. ಗಿಡಗಳ ಸಂಶೋಧನೆ ನಡೆಯಬೇಕಾದದ್ದು ಇಂಥ ಕಡೆ, ಕೊಳೆಯುವ ಮಾಂಸವನ್ನು ಉಳಿಸುವ ಲೇಪ ಸಿಗುತ್ತದೆಯೇ ಎಂದು. ಅದು ಪ್ರಯೋಗಶಾಲೆಯ ಕೆಲಸ, ಜೀಪಿನ ಹಿಂದಿನ ಸೀಟಿನಲ್ಲಿ ಮಾಡುವಂಥದ್ದಲ್ಲ.

ಇನ್ನೊಂದು, ನಿಮಗೆ ಸಮಾಧಾನವಾಗಲಿ ಎಂದು: ಗಿಡದ ಮದ್ದು ಆಸ್ಪತ್ರೆಯಲ್ಲಿ ಈಗಾಗಲೇ ಕೊಡುತ್ತಿದ್ದಾರೆ. ನಾಗರಹಾವು ಕಚ್ಚಿ ರೆಪ್ಪೆ ಜೋತುಬಿದ್ದಾಗ ಪ್ರತಿವಿಷದ ಜೊತೆ ನಿಯೋಸ್ಟಿಗ್ಮಿನ್ ಮತ್ತು ಅಟ್ರೋಪಿನ್ ಚುಚ್ಚುತ್ತಾರೆ. ಮೊದಲನೆಯದನ್ನು ಆಫ್ರಿಕಾದ ಒಂದು ವಿಷದ ಅವರೆಯ ಸಾರವನ್ನು ನೋಡಿ ರೂಪಿಸಿದರು. ಅಟ್ರೋಪಿನ್ ನಮ್ಮ ಉಮ್ಮತ್ತಿಯ ಬಳಗದ ಗಿಡದಿಂದ ಬಂದದ್ದು. ಹಾಗೆಂದು ಉಮ್ಮತ್ತಿ ಅರೆದು ಕುಡಿಸಿಬಿಟ್ಟೀರಿ! ಅದರಿಂದಲೇ ಸಾಯುತ್ತಾರೆ.

ಗಾಳಿಗುಡ್ಡ
ಕಂಪನಿಯವರು ಸೀಸೆಗೆ ತುಂಬಿದರೆ ವಿಜ್ಞಾನ ಎಂದು ನಾನು ಹೇಳಿದ್ದು ಇದನ್ನೇ.

ಪ್ರನಾಳಪ್ರಿಯ
ತುಂಬುವ ಮೊದಲು ಅಳೆದರು. ವ್ಯತ್ಯಾಸ ಅಷ್ಟೇ.

ಪಂಡಿತರ ಮೊಮ್ಮಗ
2020ರಲ್ಲಿ ಬಂದ ಅಧ್ಯಯನದ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ಇದಕ್ಕೂ ಹಿಂದಿನ, 2011ರ ಅಧ್ಯಯನದಲ್ಲಿ ಸತ್ತವರಲ್ಲಿ ನಾಲ್ಕರಲ್ಲಿ ಮೂರು ಪಾಲು ಆಸ್ಪತ್ರೆಯ ಹೊರಗೇ ಸತ್ತಿದ್ದರು. ಅಜ್ಜನ ಪುಸ್ತಕದ ಅಡ್ಡಗೆರೆಗಳು ನೆನಪಾದವು.

ಕರಾವಳಿಯವನು
ನಾಗರಪಂಚಮಿಗೆ ಹಾಲೆರೆಯುವುದನ್ನೂ ನಿಲ್ಲಿಸಿ ಎನ್ನುತ್ತೀರೋ ಏನೋ.

ಚಿಟ್ಟೆ ಹಿಂದೆ ಹೊರಟವಳು
ಕಲ್ಲಿಗೆ ಎರೆಯಿರಿ, ಹಾವಿಗೆ ಬೇಡ. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ.

ಹೊಳೆದಂಡೆ
ಇನ್ನು ಇದು ಐವತ್ತು ಉತ್ತರ ಮುಟ್ಟುತ್ತದೆ.

ತೋಟದಮನೆ
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ಮಾವನವರಿಗೆ ಓದಿ ಹೇಳಿದೆ. ಪಂಡಿತರ ಪುಸ್ತಕದ ಭಾಗವನ್ನು ಎರಡು ಸಲ ಓದಿಸಿದರು. ‘ಪೇಟೆಗೆ ಕಳಿಸಿದೆ’ ಎಂಬಲ್ಲಿ ಎಲೆ ಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಸುಮ್ಮನಾದರು. ಸೋತೆ ಎಂದು ಹೇಳಲಿಲ್ಲ, ಹೇಳುವವರೂ ಅಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಂದೇ ಪ್ರಶ್ನೆ ಕೇಳಿದರು: ‘ಆ ಕುದುರೆಗೆ ಏನೂ ಆಗುವುದಿಲ್ಲವೇ?’

ಪ್ರನಾಳಪ್ರಿಯ
ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು ಅಭ್ಯಾಸ ಮಾಡಿಸುತ್ತಾರೆ, ಅದರ ರಕ್ತದಲ್ಲಿ ಪ್ರತಿಕಾಯಗಳು ಬೆಳೆಯುತ್ತವೆ. ಆಮೇಲೆ ಆಗಾಗ ಒಂದಿಷ್ಟು ರಕ್ತ ತೆಗೆಯುತ್ತಾರೆ. ಸಾಯಿಸುವುದಿಲ್ಲ. ಚುಚ್ಚಿದ ಜಾಗ ಬಾಯುತ್ತದೆ, ನೋವಿರುತ್ತದೆ. ಒಳ್ಳೆಯ ಪ್ರಶ್ನೆ ಕೇಳಿದ್ದಾರೆ.

ತೋಟದಮನೆ
ಹೇಳಿದೆ. ‘ಪಾಪ’ ಎಂದರು.

ಇವತ್ತು ಬೆಳಿಗ್ಗೆ ಅವರೇ ಆಸ್ಪತ್ರೆಗೆ ಫೋನು ಮಾಡಿಸಿ ಪ್ರತಿವಿಷ ಇದೆಯೇ ಎಂದು ಕೇಳಿದರು. 14 ಸೀಸೆ ಇದೆಯಂತೆ. ಸಂಖ್ಯೆಯನ್ನು ಸೀಮೆಸುಣ್ಣದಲ್ಲಿ ಜೀಪಿನ ಕೊಟ್ಟಿಗೆಯ ಬಾಗಿಲಿಗೆ ಬರೆದಿದ್ದಾರೆ, ಫೋನ್ ನಂಬರಿನ ಕೆಳಗೆ. ಈಶ್ವರಿ ಬಳ್ಳಿ ಬೇಲಿಯಲ್ಲೇ ಇದೆ. ಹುಳ ಹುಡುಕಿದೆ, ಇನ್ನೂ ಒಂದೂ ಕಂಡಿಲ್ಲ.

ಕೆಲಸದ ಆರು ಜನರಿಗೂ ಗಂಬೂಟು ತರಬೇಕೆಂದಿದ್ದೇವೆ. ಹೆಂಗಸರ ಕಾಲಿಗೆ ಆಗುವಂಥದ್ದು, ಐದು ಆರರ ಅಳತೆಯದು, ಶಿವಮೊಗ್ಗದಲ್ಲಿ ಎಲ್ಲಿ ಸಿಗುತ್ತದೆ? ಅಂಗಡಿಗಳಲ್ಲಿ ಎಂಟರ ಕೆಳಗೆ ಇಲ್ಲ ಎನ್ನುತ್ತಾರೆ.

ಪ್ರಾಥಮಿಕ ಕೇಂದ್ರದ ಅಕ್ಕ
ನಾನು ಹಾಕುವುದು ಐದು. ಎಲ್ಲೂ ಸಿಗದೆ ಶಾಲಾ ಮಕ್ಕಳ ಮಳೆಗಾಲದ ಬೂಟು ಕೊಂಡಿದ್ದೇನೆ. ಬಣ್ಣ ಮಾತ್ರ ಗುಲಾಬಿ.